ಎರಡು ನಕ್ಷತ್ರಗಳ ನಡುವೆ ಮಗ

ಫೋಟೋಗಳು ಒಂದೊಂದಾಗಿ ಬಂದುಹೋಗುವ ಗೋಡೆಯ ಪರದೆಯಿಂದ ಮಗನನ್ನು ಹೊರಹಾಕಲು ಕನ್ನಡಕದಂಗಡಿಯ ಯಜಮಾನರು ಕಂಪ್ಯೂಟರ್ ಮುಂದೆ ಕುಳಿತರು. ಅಪ್ಪನ ಅಂಗಡಿ ಬಿಟ್ಟು, ಎದುರಿಗೇ ಇನ್ನೂ ದೊಡ್ಡ ಬೋರ್ಡು ತೂಗುಹಾಕಿ ಕನ್ನಡಕ ಮಾರತೊಡಗಿದವನು ಮನೆಯ ಗೋಡೆಯ ಮೇಲೂ ಹಲ್ಲು ಕಿರಿಯುವುದನ್ನು ಅವರಿಂದ ಸಹಿಸಲಾಗಲಿಲ್ಲ.

"ಅವನು ಈ ಮನೆಗೆ ಬರೋದೇ ಆ ಪರದೆ ಮೇಲೆ. ಅದನ್ನೂ ಮುಚ್ಚಿಬಿಡಿ," ಎಂದಳು ಹೆಂಡತಿ, ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ.

ಕಂಪ್ಯೂಟರಿನ ಫೋಟೋಗಳನ್ನು ಗೋಡೆಗೆ ಹೊತ್ತೊಯ್ಯುವ ತಂತ್ರಾಂಶದಲ್ಲಿ 'ಸೇರಿಸು', 'ಬಿಡು' ಎಂಬ ನಿಯಮಗಳಿದ್ದವು. ಫೋಟೋಗಳಿಗೆಲ್ಲ ಹೆಸರಿಟ್ಟವಳು ಹೆಂಡತಿ. ಅವನದೆಂದರೆ ಹೆಸರಿನಲ್ಲಿ 'ಮಗ' ಇರಲೇಬೇಕು. ಯಜಮಾನರು 'ಬಿಡು' ಎಂಬಲ್ಲಿ 'ಮಗ' ಎಂದು ಬರೆದು, ಹಿಂದೊಂದು ಮುಂದೊಂದು ನಕ್ಷತ್ರದ ಗುರುತು ಕೂರಿಸಿದರು. ನಕ್ಷತ್ರವಿದ್ದರೆ ಆ ಅಕ್ಷರಗಳು ಹೆಸರಿನ ಯಾವ ಮೂಲೆಯಲ್ಲಿ ಅಡಗಿದ್ದರೂ ಸಿಕ್ಕಿಬೀಳುತ್ತವೆ. ಗುಂಡಿ ಒತ್ತಿ, ಮೀಸೆಯಡಿಯಲ್ಲೇ ನಕ್ಕು, ಊಟಕ್ಕೆದ್ದರು.

ಸಂಜೆ ಮಗಳು ಬಂದು ಗೋಡೆ ನೋಡಿದಳು. ಕೆಟ್ಟ ವಾಷಿಂಗ್ ಮಷಿನ್ನು. ಅಪ್ಪನ ಮಂಡಿಯ ಎಕ್ಸ್‌ರೇ. ಮತ್ತೆ ವಾಷಿಂಗ್ ಮಷಿನ್ನು.

"ಅಪ್ಪಾ, ನಾನೆಲ್ಲಿ ಹೋದೆ?"

"ನಿನ್ನನ್ನ ಯಾರು ಮುಟ್ಟಿದ್ರು? ತೆಗೆದದ್ದು ಅವನೊಬ್ಬನನ್ನ."

ಮಗಳು ನಿಯಮ ನೋಡಿ ಹಣೆ ಚಚ್ಚಿಕೊಂಡಳು. "ಮಗಳು ಅನ್ನೋದ್ರಲ್ಲಿ ಮಗ ಇಲ್ವಾ? ಮೊಮ್ಮಗಳು ಅನ್ನೋದ್ರಲ್ಲೂ ಇದ್ದಾನೆ. ಅಮ್ಮ 'ನಮಗೆ ನಲವತ್ತು ವರ್ಷ' ಅಂತ ಇಟ್ಟಿದ್ಳಲ್ಲ, ಅದೂ ಹೋಯ್ತು. ಕಂಪ್ಯೂಟರಿಗೆ ಎತ್ವ, ಕೊಂಬು ಲೆಕ್ಕಕ್ಕಿಲ್ಲ. 'ನಮಗೆ' ಹೊಟ್ಟೇಲೂ ಅವನೇ ಕೂತಿದ್ದಾನೆ."

"ಸರಿಮಾಡು ಮತ್ತೆ."

"ಮೇಲೆ ಬರೆದ ನಿಯಮವೇ ಗೆಲ್ಲೋದು. ಬೇಕಾದವರನ್ನೆಲ್ಲ ಮೇಲೆ 'ಸೇರಿಸು' ಅಂತ ಬರೀತೀನಿ." ಬರೆದಳು. ಮಗಳು ಬಂದಳು, ಮೊಮ್ಮಗಳು ಬಂದಳು, ನಲವತ್ತು ವರ್ಷದ ದಾಂಪತ್ಯವೂ ಬಂತು.

"ನನ್ನ ಪ್ರಶಸ್ತಿ ಫೋಟೋ?" ಯಜಮಾನರು ಗೋಡೆಯನ್ನೇ ನೋಡುತ್ತ ಕೇಳಿದರು. "ಅದರಲ್ಲಿ ಯಾವ ಮಗ?"

"ಅದಕ್ಕೆ 'ಮಗನ ಅಪ್ಪನಿಗೆ ಪ್ರಶಸ್ತಿ' ಅಂತ ಇಟ್ಟಿದ್ದೆ," ಎಂದಳು ಹೆಂಡತಿ. "ನಿಮ್ಮ ಹೆಸರು ಹಿಡಿದು ನಾನ್ಯಾವತ್ತು ಕರೆದಿದ್ದೀನಿ?"

ಮಗಳು ಕುರ್ಚಿ ಬಿಟ್ಟು ಎದ್ದಳು. "ಇದನ್ನ ನೀವೇ ಬರೀರಿ."

ಯಜಮಾನರು ಮಂಡಿಯ ಎಕ್ಸ್‌ರೇ ಎರಡು ಸಲ ಬಂದುಹೋಗುವ ತನಕ ಕೂತಿದ್ದರು. ಆಮೇಲೆ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಎಲ್ಲಕ್ಕಿಂತ ಮೇಲೆ, ಹಿಂದೆ ಮುಂದೆ ನಕ್ಷತ್ರವಿಟ್ಟು ಬರೆದರು: ಸೇರಿಸು, ಮಗನ ಅಪ್ಪ.

"ಅವನಿಗೋಸ್ಕರ ಅಲ್ಲ. ಪ್ರಶಸ್ತಿ ಗೋಡೆ ಮೇಲಿರಬೇಕು, ಅದಕ್ಕೆ," ಎಂದರು, ಯಾರೂ ಕೇಳದಿದ್ದರೂ.

ಫೋಟೋ ಬಂತು. ಫಲಕದ ಒಂದು ತುದಿ ಹಿಡಿದು ಯಜಮಾನರು ಕ್ಯಾಮೆರಾ ನೋಡಿ ಬೀಗುತ್ತಿದ್ದರು. ಇನ್ನೊಂದು ತುದಿ ಹಿಡಿದಿದ್ದ ಮಗ ಕ್ಯಾಮೆರಾ ಕಡೆ ನೋಡುತ್ತಲೇ ಇರಲಿಲ್ಲ. ಅಪ್ಪನ ಮೂಗಿನ ಮೇಲೆ ಜಾರಿದ್ದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದ.