ಹಿಂದೆ ನಿಂತವನು

ವಿಡಿಯೋ ಕಾಲ್‌ನಲ್ಲಿ ಖಾಕಿ ತೊಟ್ಟವನು ಗದರುತ್ತಿದ್ದ. ಅವನ ಹಿಂದೆ ಇನ್ನೊಬ್ಬ ಕೈಕಟ್ಟಿ ನಿಂತಿದ್ದ.

"ನಿಮ್ಮ ಆಧಾರ್ ಫೇಕ್! ಇದು ಫೋರ್ಜರಿ, ಚೀಟಿಂಗ್! ಕಾಲ್ ಕಟ್ ಮಾಡಿದ್ರೆ ಅರೆಸ್ಟ್!"

ಅವನು ಹೇಳಿದಂತೆ ಗಿರಿಜಮ್ಮ ಆಗಲೇ ಬಾಗಿಲಿಗೆ ಚಿಲಕ ಹಾಕಿ ಕೂತಿದ್ದರು. "ನಾನೇನೂ ಮಾಡಿಲ್ಲಪ್ಪಾ," ಎಂದರು, ಅಳುತ್ತಾ.

"ಯಾವೂರು?"

"ಹಿರಿಯೂರು."

ಅವನ ಮಾತು ನಿಂತಿತು. ಹಿಂದಿನವನು ಅವನ ಹೆಗಲು ತಿವಿದ. ತಕ್ಷಣ ಖಾಕಿಯವನು ಮೇಜು ಗುದ್ದಿ, ಮೊದಲಿಗಿಂತ ಜೋರಾಗಿ ಅರಚಿದ.

"ದುಡ್ಡು ಕಳಿಸಬೇಡಿ, ಫ್ರಾಡ್! ಹಿಂದೆ ನಿಂತಿರೋ ಇವನಿಗೆ ಕನ್ನಡ ಬರಲ್ಲ, ಇಂಗ್ಲಿಷ್ ಪದ ಕೇಳಿಸ್ತಿದ್ರೆ ಸಾಕು, ಫೋರ್ಜರಿ! ಕೆಲಸ ಕೊಡ್ತೀವಂತ ಕರೆಸಿ ನನ್ನ ಕೂಡಿಹಾಕಿದಾರೆ, ಚೀಟಿಂಗ್! ನಿಮ್ಮೂರ ಬಸ್‌ಸ್ಟ್ಯಾಂಡಲ್ಲಿ ಹೂ ಮಾರೋ ತಿಪ್ಪಮ್ಮ ನಮ್ಮವ್ವ, ನಾನು ಬದುಕಿದೀನಿ ಅಂತ ಹೇಳಿ, ಫೇಕ್!"