ಶೆಡ್ಡಿನ ಅಕ್ಕಂದಿರು

ಡ್ರೈವರ್ ಕಸದ ಲಾರಿಯ ಕೀಲಿ ತಿರುಗಿಸುವಷ್ಟರಲ್ಲಿ ಮಗಳು ಪಕ್ಕದ ಸೀಟು ಹತ್ತಿ ಕೂತಿದ್ದಳು. ತೊಡೆಯ ಮೇಲೆ ತೊಳೆದು ಒಣಗಿಸಿದ ಪ್ಲಾಸ್ಟಿಕ್ಕಿನ ಗಂಟು, ಕೈಯಲ್ಲಿ ಮಂಡಿನೋವಿನ ಮುಲಾಮಿನ ಟ್ಯೂಬು. ಶಾಲೆಗೆ ರಜೆ, ಇವತ್ತು ಶೆಡ್ಡಿನ ಅಕ್ಕಂದಿರನ್ನು ನೋಡಿಯೇ ತೀರುವುದು, ದೊಡ್ಡಕ್ಕನ ಮಂಡಿಗೆ ಮುಲಾಮು ತಾನೇ ಹಚ್ಚುವುದು ಎಂದು ಹಟ ಹಿಡಿದಿದ್ದಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಕರ್ಕೊಂಡು ಹೋಗ್ರೀ, ಪಾಪ, ಅವರಿಗೂ ಖುಷಿಯಾಗುತ್ತೆ" ಎಂದಳು. ಇಲ್ಲ ಎನ್ನಲು ಅವನಿಗೆ ಒಂದು ನೆಪವೂ ಹೊಳೆಯಲಿಲ್ಲ.

ಶೆಡ್ಡಿನಲ್ಲಿ ಯಾವ ಅಕ್ಕಂದಿರೂ ಇರಲಿಲ್ಲ. ಕಸ ವಿಂಗಡಿಸುವ ಆ ಶೆಡ್ಡಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಲಾರಿಯ ಹಿಂದೆ ಹಸಿ ಕಸಕ್ಕೆ ಹಸಿರು ಬಾಗಿಲು, ಒಣ ಕಸಕ್ಕೆ ನೀಲಿ ಬಾಗಿಲು ಹಾಗೇ ಇದ್ದವು. ಒಳಗೆ ನಡುವೆ ಇದ್ದ ತಗಡು ಮಾತ್ರ ತುಕ್ಕು ಹಿಡಿದು ಕಳಚಿಬಿದ್ದಿತ್ತು, ಇನ್ನೊಂದನ್ನು ಯಾರೂ ಹಾಕಿಸಲಿಲ್ಲ. ಬಾಗಿಲು ಎರಡು, ಹೊಟ್ಟೆ ಒಂದೇ. ಎಲ್ಲ ಕಲಸಿಕೊಂಡು ಹೋಗಿ ಶೆಡ್ಡಿನ ಹಿಂದಿನ ಒಂದೇ ಗುಂಡಿಗೆ ಬೀಳುತ್ತಿತ್ತು. ಶೆಡ್ಡು ಮುಚ್ಚಿದ ದಿನವೇ ಇದನ್ನು ಮನೆಯಲ್ಲಿ ಹೇಳಬೇಕೆಂದು ಅವನು ಬಂದಿದ್ದ. ಬಂದರೆ, ಹೆಂಡತಿ ಎದುರು ಮನೆಯವಳ ಜೊತೆ ಜಗಳವಾಡಿ ಗೆದ್ದು, ಸಾಲಿನ ಹದಿನಾಲ್ಕು ಮನೆಗಳ ಮುಂದೆಯೂ ಎರಡೆರಡು ಬಕೆಟ್ ಇಡಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮದುವೆಯಾದಾಗಿನಿಂದ ಆ ಮುಖದಲ್ಲಿ ಅಂಥ ಕಳೆ ಅವನು ಕಂಡಿರಲಿಲ್ಲ. ಮಾತು ನುಂಗಿಕೊಂಡ.

ಅದರ ಮುಂದಿನ ವಾರ ಮನೆಯ ಪ್ಲಾಸ್ಟಿಕ್ಕಿನ ಗಂಟಿನೊಳಗೆ ಮಗಳ ಚೀಟಿ ಸಿಕ್ಕಿತು. 'ವಿಂಗಡಿಸುವ ಅಕ್ಕಂದಿರಿಗೆ, ನಿಮ್ಮ ಕೈಗೆ ವಾಸನೆ ಹತ್ತಬಾರದು ಅಂತ ಅಮ್ಮ ಎಲ್ಲ ತೊಳೆದಿದ್ದಾಳೆ.' ಉತ್ತರ ಬರದಿದ್ದರೆ ಮಗು ನೊಂದುಕೊಳ್ಳುತ್ತದೆಂದು ಅವನೇ ಒಂದು ಬರೆದ, ಗುರುತು ಸಿಗದಿರಲೆಂದು ಎಡಗೈಯಲ್ಲಿ. ಅಲ್ಲಿಂದ ಸುಳ್ಳಿಗೆ ಕೈಕಾಲು ಮೂಡಿದವು. ಕಾಗದದಿಂದ ಕಾಗದಕ್ಕೆ ದೊಡ್ಡಕ್ಕನಿಗೆ ಮಂಡಿನೋವು ಬಂತು, ಸಣ್ಣಕ್ಕ ಹಾಡು ಕಲಿತಳು, ಹಾಲಿನ ಪ್ಯಾಕೆಟ್ಟುಗಳು ಕೆಂಪು ಬಕೆಟ್ಟಾಗಿ ಮರುಜನ್ಮ ಪಡೆದವು. ಮಗಳು ಉತ್ತರಗಳನ್ನೆಲ್ಲ ಬೀರುವಿನ ಬಾಗಿಲಿಗೆ ಅಂಟಿಸಿದಳು. ಹೆಂಡತಿ ಅವನ್ನು ನೆರೆಯವರಿಗೆಲ್ಲ ಓದಿ ಹೇಳಿದಳು. ಭಾನುವಾರ ಬಂದರೆ ಇಕ್ಕಳ ಹಿಡಿದು ಮೂವರೂ ಕಾಲುವೆ ದಂಡೆಯ ಕಸ ಆರಿಸಲು ಹೊರಡಬೇಕು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನಮ್ಗೆ ಬರೀ ಕೆಸರು" ಎಂದು ಹೆಂಡತಿ ನಗುತ್ತಿದ್ದಳು. ಭಾನುವಾರ ತಾನೇ ಬಗ್ಗಿ ಆರಿಸಿದ್ದನ್ನು ಸೋಮವಾರ ತಾನೇ ಗುಂಡಿಗೆ ಸುರಿಯುವಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ಇವತ್ತು ದಾರಿಯುದ್ದಕ್ಕೂ ಹೇಳಿಬಿಡಬೇಕೆಂದು ಬಾಯಿ ತೆರೆದ. ಪ್ರತಿ ಸಲವೂ ಸುಮ್ಮನೆ ಗೇರ್ ಬದಲಿಸಿದ.

ಲಾರಿ ನಿಂತೊಡನೆ ಇಳಿದ ಮಗಳು ಶೆಡ್ಡಿನ ಬೀಗ ನೋಡಿದಳು. ಬಾಗಿಲ ಸಂದಿಗೆ ಕಣ್ಣಿಟ್ಟಳು. ಒಳಗೆ ನಿಂತುಹೋದ ಯಂತ್ರದ ಬೆಲ್ಟಿನ ಮೇಲೆ, ಎಲ್ಲಿಂದಲೋ ನುಗ್ಗಿದ ನಾಯಿಯೊಂದು ಮರಿ ಹಾಕಿತ್ತು. ಆಮೇಲೆ ಅವಳು ಶೆಡ್ಡಿನ ಹಿಂದಕ್ಕೆ ನಡೆದಳು. ಗುಂಡಿ ಎಂದೋ ತುಂಬಿ ಗುಡ್ಡವಾಗಿತ್ತು, ಒಂದು ಮೂಲೆ ಹೊಗೆಯಾಡುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಪ್ಯಾಕೆಟ್ಟುಗಳು ಎದ್ದು ಹಾರಿ ಕೆಳಗಿನ ಕಾಲುವೆಗೆ ಬೀಳುತ್ತಿದ್ದವು. ಅವರ ಮನೆಸಾಲಿನ ಮುಂದೆ ಹಾದುಹೋಗುವ ಕಾಲುವೆ ಅದೇ.

"ಭಾನುವಾರ ನಾವು ಆರಿಸೋದು ಇದನ್ನೇನಾ, ಅಪ್ಪ?"

"ಹೂಂ."

"ಮತ್ತೆ ಇಲ್ಲಿಗೇ ತರ್ತೀಯಾ?"

ಅವನು ಹೌದೆಂದು ತಲೆಯಾಡಿಸಿದ. ಎರಡು ವರ್ಷ ಮೂವರೂ ಬೆನ್ನು ಬಗ್ಗಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ ಆಗಿತ್ತು. ಅದು ಇಷ್ಟು ದಿನ ಅವನೊಬ್ಬನಿಗೆ ಗೊತ್ತಿತ್ತು, ಈಗ ಇಬ್ಬರಿಗೆ. ಮಗಳು ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಕಾಗದ ಎಲ್ಲ ನೀನೇ ಬರೀತಿದ್ಯಾ?"

"ಎಡಗೈಲಿ ಬರೀತಿದ್ದೆ, ಪುಟ್ಟಿ."

"ಅಮ್ಮಂಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಕುಸಿದು ಹೋಗ್ತಾಳೆ."

ಮಗಳು ಲಾರಿಯತ್ತ ನಡೆದಳು. ತನ್ನ ಗಂಟನ್ನು ತಾನೇ ಲಾರಿಯಿಂದ ಇಳಿಸಿ ತಂದು ಗುಂಡಿಯ ಅಂಚಿನಲ್ಲಿ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ಕಲ್ಲು ಹೇರಿದಳು.

ಮನೆಗೆ ಬಂದಾಗ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಎದುರಿಗೇ ಬಂದಳು. ತೊಳೆದೂ ತೊಳೆದೂ ಆ ಕೈ ಬಿರುಕು ಬಿಟ್ಟಿತ್ತು. ಅಕ್ಕಂದಿರು ಸಿಕ್ಕಿದರಾ, ಮಾತಾಡಿಸಿದರಾ ಎಂದು ಕೇಳಿದಳು. ಡ್ರೈವರ್ ಲಾರಿಯ ಕೀಲಿಯನ್ನು ಮೊಳೆಗೆ ತೂಗುಹಾಕಲು ಅತ್ತ ತಿರುಗಿದ.

"ದೊಡ್ಡಕ್ಕ ರಜಾ ಹಾಕಿದ್ರಮ್ಮ. ಮುಲಾಮು ಸಣ್ಣಕ್ಕನ ಕೈಲಿ ಕೊಟ್ಟೆ" ಎಂದಳು ಮಗಳು. ಟ್ಯೂಬು ಅವಳ ಜೇಬಿನಲ್ಲೇ ಉಬ್ಬಿಕೊಂಡಿತ್ತು. ಹತ್ತು ವರ್ಷದ ಆ ಬಾಯಿಂದ ಅವನು ಸುಳ್ಳು ಕೇಳಿದ್ದು ಅದೇ ಮೊದಲು.

ಮುಂದಿನ ಭಾನುವಾರ ಬೆಳಿಗ್ಗೆ ಹೆಂಡತಿ ಬೀರುವಿನ ಮುಂದೆ ನಿಂತಿದ್ದಳು. "ಹೊಸ ಕಾಗದ ತಂದಿದ್ದು ನೀವು ಹೇಳ್ಲೇ ಇಲ್ವಲ್ರೀ. ದೊಡ್ಡಕ್ಕನ ಮಂಡಿ ಈಗ ಪರವಾಗಿಲ್ವಂತೆ. ನಾವು ಹೀಗೇ ಆರಿಸ್ತಾ ಇದ್ರೆ ಒಂದಿನ ಕಾಲುವೆ ಪೂರ್ತಿ ಸ್ವಚ್ಛ ಆಗುತ್ತಂತೆ."

ಆ ವಾರ ಅವನು ಏನೂ ಬರೆದಿರಲಿಲ್ಲ. ಮೂರು ಇಕ್ಕಳಗಳನ್ನು ಎತ್ತಿಕೊಂಡು ಮಗಳು ಆಗಲೇ ಬಾಗಿಲಲ್ಲಿ ಕಾಯುತ್ತಿದ್ದಳು. ಅವಳ ಎಡಗೈ ಬೆರಳುಗಳಿಗೆಲ್ಲ ಶಾಯಿ ಮೆತ್ತಿತ್ತು.