ಕಥೆಯ ಕಡೇ ಭಾಗ

ಮಗು ನೋಡಿಕೊಳ್ಳುವ ಯಂತ್ರ ಹಳತಾಗಿ ಮನೆಗೆ ಹೊಸದು ಬಂದರೆ, ಹಳೆಯದು ಪಾಸಾಗಿದ್ದ ಪರೀಕ್ಷೆಗಳಲ್ಲೆಲ್ಲ ಅದೂ ಪಾಸಾಗಬೇಕು. ಪರೀಕ್ಷೆಗಳು ತಮ್ಮಷ್ಟಕ್ಕೆ ತಾವೇ ನಡೆಯುತ್ತವೆ. ಫೇಲಾದದ್ದನ್ನು ನೋಡಲು ಮಾತ್ರ ವಾರ್ಡಿನ ಪರೀಕ್ಷಕಿ ವನಮಾಲಾ ಬರುತ್ತಾಳೆ.

ಈ ಮನೆಯಲ್ಲಿ ಫೇಲಾದದ್ದು ಒಂದೇ. ‘ಧ್ವನಿ’ ಗುಂಪಿನ ನಲವತ್ತೊಂದನೆಯದು: ಮಗುವಿಗೆ ಹೇಳುವ ಕಥೆಯನ್ನು ಮುಗಿಸಬಾರದು. ಹೊಸ ಯಂತ್ರ ಮುಗಿಸಿಬಿಟ್ಟಿತ್ತು. ಯಾರೋ ತಪ್ಪಾಗಿ ಬರೆದಿರಬೇಕೆಂದು ವನಮಾಲಾ ಪರೀಕ್ಷೆಯನ್ನೇ ಅಳಿಸಲು ಹೊರಟಳು.

“ಅದನ್ನ ಅಳಿಸ್ಬೇಡಿ ಆಂಟಿ,” ಎಂದಳು ಆರು ವರ್ಷದ ಚಾರ್ವಿ. “ಕಡೇದು ಅಮ್ಮ ಡ್ಯೂಟಿಯಿಂದ ಬಂದು ಹೇಳ್ತಾಳೆ.”

ವನಮಾಲಾ ಕೈ ತಡೆದಳು. ಯಾವುದು ಯಾತಕ್ಕೆಂದು ಬರೆಯದೆ ಬರೀ ಕೈ, ಕಾಲು, ಧ್ವನಿ ಎಂದು ಪರೀಕ್ಷೆಗಳನ್ನು ವಿಂಗಡಿಸಿಟ್ಟ ಪುಣ್ಯಾತ್ಮನನ್ನು ಮನಸಾರೆ ಬೈದುಕೊಂಡಳು. ಆಮೇಲೆ ‘ಅಮ್ಮ ಬರುವ ತನಕ’ ಎಂಬ ಹೊಸ ಗುಂಪು ಮಾಡಿ, ಬಾಗಿಲ ದೀಪ ಹಾಕುವುದು, ಅಮ್ಮನ ಪಾಲಿನ ದೋಸೆಹಿಟ್ಟು ಎತ್ತಿಡುವುದು, ಕಥೆ ನಿಲ್ಲಿಸುವುದು, ಎಲ್ಲವನ್ನೂ ಅದರಡಿ ತಂದಳು. ಯಂತ್ರವನ್ನು ತಿದ್ದಿ ಪರೀಕ್ಷೆಯನ್ನು ಮತ್ತೆ ನಡೆಸಿದಳು.

ಯಂತ್ರ ಕಥೆಯೊಳಗಿನ ಆನೆಮರಿಯನ್ನು ಕೆರೆಯ ದಡದವರೆಗೆ ಕರೆತಂದು ಸುಮ್ಮನಾಯಿತು. ಚಾರ್ವಿ ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

ಆನೆಮರಿ ನೀರಿಗಿಳಿಯಬೇಕಾದರೆ ಇನ್ನು ಅಮ್ಮನೇ ಬರಬೇಕು.